ಪನಮರಂ ಠಾಣೆಯ ಎಪ್ಪತ್ತು ಸಿಪಾಯಿಗಳು

ಕಿಡಿ ಹೊತ್ತಿದ್ದು ಭತ್ತದಿಂದ. 1802ರ ಅಕ್ಟೋಬರ್ ಮೊದಲ ವಾರ, ವಯನಾಡಿನ ಕುರಿಚ್ಯ ಬುಡಕಟ್ಟಿನವನೊಬ್ಬನ ಮನೆ ಬಾಗಿಲಿಗೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಜವಾನ ಬಂದು ಭತ್ತ ಅಳೆದುಕೊಡು ಎಂದು ಪಟ್ಟು ಹಿಡಿದ. ಆ ಹೊತ್ತಿಗೆ ಮನೆಯೊಳಗಿದ್ದ ಅತಿಥಿ ಕಂಪನಿಯ ವಿರುದ್ಧ ಬಂಡೆದ್ದಿದ್ದ ಪಳಶ್ಶಿ ರಾಜನ ಸೇನಾನಿ ಎಡಚೇನ ಕುಂಕನ್. ಜವಾನ ಅಲ್ಲೇ ಹೆಣವಾದ. ಸುತ್ತಲಿನ ಕುರಿಚ್ಯರು ತಮ್ಮ ಮುಖಂಡ ತಲಕ್ಕಲ್ ಚಂದುವಿನ ಹಿಂದೆ ಬಿಲ್ಲು ಹಿಡಿದು ನಿಂತರು.

ಅಕ್ಟೋಬರ್ 11ರಂದು ಸುಮಾರು 150 ಮಂದಿ ಪನಮರಂ ಠಾಣೆಯ ಮೇಲೆ ಬಿದ್ದರು. ಮೊದಲು ಉರುಳಿದವರು ಕಾವಲಿನವರು. ಬಾಣ ಸದ್ದು ಮಾಡುವುದಿಲ್ಲ. ಬಂದೂಕಿಗೋ ಮದ್ದು ತುಂಬಿ, ಗುಂಡು ಗಿಡಿದು, ಗುರಿ ಹಿಡಿಯುವಷ್ಟು ಪುರುಸೊತ್ತು ಬೇಕು. ಮದ್ದು ತೇವವಾದರೆ ಅದು ಬರೀ ದೊಣ್ಣೆ. ಕ್ಯಾಪ್ಟನ್ ಡಿಕೆನ್ಸನ್, ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಸೇರಿ ಬೊಂಬಾಯಿ ದಳದ ಸುಮಾರು 70 ಮಂದಿ ಸತ್ತರು. 112 ಬಂದೂಕು, ಆರು ಪೆಟ್ಟಿಗೆ ಮದ್ದುಗುಂಡು, 6,000 ರೂಪಾಯಿ ದಾಳಿಕಾರರ ಪಾಲಾಯಿತು.

ಬಂದೂಕುಗಳ ಲೆಕ್ಕ ಸಿಗುತ್ತದೆ, ಇಬ್ಬರು ಇಂಗ್ಲಿಷ್ ಅಧಿಕಾರಿಗಳ ಹೆಸರೂ ಸಿಗುತ್ತದೆ. ಉಳಿದವರು ಬರೀ ಸಂಖ್ಯೆ.

ಅಷ್ಟೇ ಆಗಿದ್ದರೆ ಒಂದು ದಿನದ ಹಿಂಸೆ ಎನ್ನಬಹುದಿತ್ತು. ಕೆಲವೇ ಮೈಲಿ ದೂರದ ಪುಳಿಂಜಾಲ್‌ನಲ್ಲಿ ಮೇಜರ್ ಡ್ರಮ್ಮಂಡ್ 360 ಸೈನಿಕರೊಂದಿಗೆ ಬೀಡುಬಿಟ್ಟಿದ್ದ. ಹೊರಗೆ ಬರಲಿಲ್ಲ. ಕರಾವಳಿಯಿಂದ 200 ಮಂದಿ ಬಂದು ಸೇರುವವರೆಗೂ ಆ ದೊಡ್ಡ ಪಡೆ ತನ್ನ ಬೇಲಿಯೊಳಗೇ ಕುಳಿತಿತ್ತು. ಹೇಡಿತನ ಎಂದುಬಿಡುವುದು ಸುಲಭ. ಆದರೆ ಘಾಟಿಯ ಮೇಲಿನ ಕಾಡಿನಲ್ಲಿ ಪ್ರತಿ ಠಾಣೆಯೂ ಒಂದೊಂದು ದ್ವೀಪ. ದಿನಸಿಯೂ ಕುಮ್ಮಕ್ಕೂ ಬರಬೇಕಾದದ್ದು ಕಣಿವೆಯ ದಾರಿಗಳಿಂದ; ಅವು ಯಾರ ಕೈಯಲ್ಲಿವೆ ಎಂಬುದರ ಮೇಲೆ ಒಳಗಿದ್ದವರ ಜೀವ ನಿಂತಿತ್ತು. 1797ರಲ್ಲಿ ಪೆರಿಯ ಘಾಟಿ ಇಳಿಯುತ್ತಿದ್ದ ಮೇಜರ್ ಕ್ಯಾಮರನ್‌ನ ತುಕಡಿಗೆ ಆದ ಗತಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಕ್ಯಾಮರನ್ ಕೂಡ ಸತ್ತಿದ್ದ. ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು, ವಯನಾಡಿಗೆ ಮೊದಲು ರಸ್ತೆ ಬೇಕು ಎಂದು ಹಟ ಹಿಡಿದದ್ದು ಸುಮ್ಮನೆ ಅಲ್ಲ. 1801ರ ಜನವರಿಯಲ್ಲಿ ಅವನ ಕಡೆಯ ಕರ್ನಲ್ ಸ್ಟೀವನ್ಸನ್ ಮೈಸೂರು ಸೀಮೆಯಿಂದಲೇ ವಯನಾಡಿಗೆ ನುಗ್ಗಿ, ಮೇ ವೇಳೆಗೆ ಠಾಣೆಗಳನ್ನು ಕೂರಿಸಿದ. ಠಾಣೆ ಕೂತರೆ ನಾಡು ಕೈಗೆ ಬಂತೆಂಬ ಭ್ರಮೆ ಪನಮರಂನಲ್ಲಿ ಒಡೆಯಿತು.

ಬಾಣಕ್ಕಿಂತ ಹೆಚ್ಚು ಜನರನ್ನು ಮಲಗಿಸಿದ್ದು ಚಳಿಜ್ವರ. ಅದಕ್ಕೆ ಬಿಳಿಯ, ಕರಿಯ, ಮಲಬಾರಿನವ, ಹೊರಗಿನವ ಎಂಬ ಭೇದವಿರಲಿಲ್ಲ. 1804ರಲ್ಲಿ ಕಾಡಿಗೆ ಬಿಟ್ಟ ಕೋಲ್ಕಾರರಲ್ಲೂ ಬಹುಪಾಲು ಜನ ಅಕ್ಟೋಬರ್ ಹೊತ್ತಿಗೆ ಹಾಸಿಗೆ ಹಿಡಿದಿದ್ದರು. ಈ ಕೋಲ್ಕಾರರು ಕ್ಯಾಪ್ಟನ್ ವಾಟ್ಸನ್ ಕಟ್ಟಿದ ಸ್ಥಳೀಯ ಪಡೆ, ಸುಮಾರು 1,200 ಮಂದಿ. ಈ ಹೋರಾಟ ರಾಜನಿಗೂ ಇಂಗ್ಲಿಷರಿಗೂ ನಡೆದ ಯುದ್ಧ ಎಂದೇ ನಾವು ಓದುತ್ತೇವೆ, ಸಿನಿಮಾದಲ್ಲೂ ಅದೇ. ಬೇಲಿಯ ಎರಡೂ ಬದಿ ನಿಂತವರು ಮಾತ್ರ ಬಹುತೇಕ ಈ ನೆಲದ ಮಕ್ಕಳೇ.

1805ರ ನವೆಂಬರ್ 30ರಂದು ಪುಲ್ಪಳ್ಳಿ ಬಳಿಯ ಮಾವಿಲತೋಡಿನಲ್ಲಿ ಪಳಶ್ಶಿಯನ್ನು ಸುತ್ತುವರಿದ ತುಕಡಿಯಲ್ಲೂ 50 ಸಿಪಾಯಿಗಳಿಗೆ 100 ಕೋಲ್ಕಾರರಿದ್ದರು. ಸಬ್‌ಕಲೆಕ್ಟರ್ ಬೇಬರ್ ಅಲ್ಲಿ ಸತ್ತ ರಾಜನ ಶವವನ್ನು ತನ್ನದೇ ಪಲ್ಲಕ್ಕಿಯಲ್ಲಿ ಮಾನಂದವಾಡಿಗೆ ಸಾಗಿಸಿದ. ಸಮಾಧಿ ಇಂದಿಗೂ ಅಲ್ಲಿದೆ. ಚಂದುವಿನ ಸ್ಮಾರಕ ಪನಮರಂನಲ್ಲಿದೆ.

ಗೆದ್ದ ಕಂಪನಿ ಕಂದಾಯವನ್ನು ಧಾನ್ಯದ ಬದಲು ಹಣದಲ್ಲೇ ಕಟ್ಟಬೇಕೆಂದಿತು. ಗದ್ದೆಯವರ ಬಳಿ ಭತ್ತವಿತ್ತು, ರೊಕ್ಕ ಎಲ್ಲಿಂದ ಬರಬೇಕು? 1812ರ ಮಾರ್ಚ್‌ನಲ್ಲಿ ಕುರಿಚ್ಯರೂ ಕುರುಂಬರೂ ಮತ್ತೆ ಎದ್ದು ಠಾಣೆಗಳನ್ನು ಸುತ್ತುಗಟ್ಟಿದರು.