ಕೂಡಿಸುವ ಭಾಷೆ, ಕಳೆಯುವ ಭಾಷೆ

ಮನೆಮಾತಲ್ಲದ ಭಾಷೆಯಲ್ಲಿ ಪಾಠ ಹೇಳಿದರೆ ಮಗುವಿಗೆ ಲಾಭವೋ ನಷ್ಟವೋ? ನಮ್ಮ ನಾಡಿನಲ್ಲಿ ಈ ಪ್ರಶ್ನೆ ಮನೆಯ ಜಗುಲಿಯಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಚರ್ಚೆಗೆ ಬಂದಿದೆ. ಲಾಭವೆನ್ನುವವರು ಬೇಂದ್ರೆಯವರನ್ನೂ ಮಾಸ್ತಿಯವರನ್ನೂ ನೆನೆಯುತ್ತಾರೆ. ಒಬ್ಬರ ಮನೆಮಾತು ಮರಾಠಿ, ಇನ್ನೊಬ್ಬರದು ತಮಿಳು. ಕನ್ನಡ ಇಬ್ಬರಿಗೂ ಒಲಿಯಿತು. ನಷ್ಟವೆನ್ನುವವರು, ಅರ್ಥವಾಗದ ಪಾಠವನ್ನು ಬಾಯಿಪಾಠ ಮಾಡಿ ಶಾಲೆ ಬಿಡುವ ಮಕ್ಕಳನ್ನು ತೋರಿಸುತ್ತಾರೆ. ಎರಡು ಮಾತೂ ನಿಜ. ಪರಸ್ಪರ ವಿರುದ್ಧವಾದ ಎರಡು ಮಾತುಗಳು ಒಟ್ಟಿಗೆ ನಿಜವಾಗುವುದು ಹೇಗೆ? ಇದನ್ನು ತಿಳಿಯಲು ದೂರದ ಕೆನಡಾ ದೇಶದ ಅನುಭವ ನೆರವಾಗುತ್ತದೆ.

ಆ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಹೆಚ್ಚು ಜನರ ಮಾತು ಫ್ರೆಂಚ್. ಆದರೆ 1960ರ ದಶಕದಲ್ಲಿ ಅಲ್ಲಿಯ ದೊಡ್ಡ ವ್ಯಾಪಾರ, ದೊಡ್ಡ ಹುದ್ದೆಗಳೆಲ್ಲ ಬಹುಮಟ್ಟಿಗೆ ಇಂಗ್ಲಿಷ್ ಮಾತಿನವರ ಕೈಯಲ್ಲಿದ್ದುವು. ಮಾಂಟ್ರಿಯಲ್ ನಗರಕ್ಕೆ ಎದುರಾಗಿ ನದಿಯ ಆಚೆಯ ದಂಡೆಯಲ್ಲಿರುವ ಸೇಂಟ್ ಲ್ಯಾಂಬರ್ಟ್ ಎಂಬ ಊರಿನಲ್ಲಿ, ಇಂಗ್ಲಿಷ್ ಮನೆಮಾತಿನ ಕೆಲವು ತಂದೆತಾಯಿಗಳು ಪ್ರಯತ್ನಪಟ್ಟು 1965ರಲ್ಲಿ ಒಂದು ಹೊಸ ತರಗತಿಯನ್ನು ತೆರೆಯಿಸಿದರು. ಅಲ್ಲಿ ಶಿಶುವಿಹಾರದಿಂದಲೇ ಪಾಠವೆಲ್ಲ ಫ್ರೆಂಚ್‌ನಲ್ಲಿ. ಇಂಗ್ಲಿಷ್ ಓದುಬರಹ ಮೊದಲಾದುದು ಎರಡನೆಯ ತರಗತಿಯಲ್ಲಿ. ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದ ವಾಲೇಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ಎಂಬ ವಿದ್ವಾಂಸರು ಈ ಮಕ್ಕಳ ಪ್ರಗತಿಯನ್ನು ವರ್ಷವರ್ಷವೂ ಪರೀಕ್ಷಿಸಿ 1972ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮೊದಲಲ್ಲಿ ಇಂಗ್ಲಿಷ್ ಓದಿನಲ್ಲಿ ಹಿಂದುಳಿದಂತೆ ಕಂಡ ಮಕ್ಕಳು ಬೇಗನೆ ತಮ್ಮ ಓರಗೆಯವರನ್ನು ಸರಿಗಟ್ಟಿದರು. ಗಣಿತಕ್ಕೆ ಕುಂದಾಗಲಿಲ್ಲ. ಫ್ರೆಂಚ್ ಮಾತ್ರ ಸಾಧಾರಣ ಶಾಲೆಯ ಮಕ್ಕಳು ಮುಟ್ಟಲಾರದಷ್ಟು ಚೆನ್ನಾಗಿ ಬಂತು.

ಅದೇ ಕೆನಡಾದಲ್ಲಿ ಇನ್ನೊಂದು ಬಗೆಯ ಶಾಲೆಗಳೂ ಇದ್ದುವು. 19ನೆಯ ಶತಮಾನದಿಂದ 20ನೆಯ ಶತಮಾನದ ಕೊನೆಯವರೆಗೆ, ಸರ್ಕಾರ ಮತ್ತು ಚರ್ಚುಗಳು ಕೂಡಿ ನಡೆಸಿದ ವಸತಿಶಾಲೆಗಳಲ್ಲಿ ಮೂಲನಿವಾಸಿಗಳ ಮಕ್ಕಳನ್ನು ತಂದಿರಿಸಿದರು. ಅಂಥ ಮಕ್ಕಳ ಸಂಖ್ಯೆ ಸುಮಾರು ಒಂದೂವರೆ ಲಕ್ಷ. ತಮ್ಮ ಮಾತನ್ನಾಡಿದರೆ ಅವರಿಗೆ ಶಿಕ್ಷೆ. ಅನೇಕರು ಅಜ್ಜ ಅಜ್ಜಿಯರೊಡನೆ ಮಾತನಾಡಲಾರದವರಾಗಿ ಊರಿಗೆ ಮರಳಿದರು. 2008ರಲ್ಲಿ ಆ ದೇಶದ ಪ್ರಧಾನಿ ಸಂಸತ್ತಿನಲ್ಲಿ ಈ ಅನ್ಯಾಯಕ್ಕಾಗಿ ಕ್ಷಮೆ ಕೇಳಿದರು.

ಎರಡು ಕಡೆಯಲ್ಲೂ ಪಾಠ ನಡೆದದ್ದು ಪರಭಾಷೆಯಲ್ಲಿ. ಆದರೆ ಸೇಂಟ್ ಲ್ಯಾಂಬರ್ಟಿನ ಮಗು ಸಂಜೆ ಮರಳುತ್ತಿದ್ದ ಮನೆಯಲ್ಲಿ ಇಂಗ್ಲಿಷ್ ಪುಸ್ತಕಗಳಿದ್ದುವು; ಪತ್ರಿಕೆ, ಅಂಗಡಿ, ಕಚೇರಿ ಎಲ್ಲೆಲ್ಲೂ ಇಂಗ್ಲಿಷಿಗೆ ಮನ್ನಣೆಯಿತ್ತು. ಮೊದಲ ವರ್ಷ ಮಗು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಉಪಾಧ್ಯಾಯಿನಿಗೆ ಅರ್ಥವಾಗುತ್ತಿತ್ತು. ಮೂಲನಿವಾಸಿಯ ಮಗುವಿನ ಮಾತಿಗೆ ಮನ್ನಣೆ ಹಾಗಿರಲಿ, ಬದುಕುವ ಹಕ್ಕೂ ಇರಲಿಲ್ಲ. ಲ್ಯಾಂಬರ್ಟ್ ಅವರು ಮುಂದೆ ಇದಕ್ಕೆ ಎರಡು ಹೆಸರುಗಳನ್ನು ಕೊಟ್ಟರು: ಒಂದು ಕೂಡಿಸುವ ದ್ವಿಭಾಷಿಕತೆ, ಇನ್ನೊಂದು ಕಳೆಯುವ ದ್ವಿಭಾಷಿಕತೆ. ಯಾವುದು ಉಂಟಾಗುವುದೆಂಬುದು ಬೋಧನಾಕ್ರಮಕ್ಕಿಂತ ಹೆಚ್ಚಾಗಿ ಸಮಾಜವು ಮನೆಮಾತಿಗೆ ಕೊಡುವ ಸ್ಥಾನವನ್ನು ಅವಲಂಬಿಸಿದೆ.

ಇದು ನಮಗೆ ಹೊಸ ಪಾಠವಲ್ಲ. 19ನೆಯ ಶತಮಾನದ ಮಧ್ಯದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ಮರಾಠಿಯದೇ ಮೇಲುಗೈ. ಕನ್ನಡ ಮನೆಯ ಹುಡುಗನಿಗೆ ಅನೇಕ ಕಡೆ ಅಕ್ಷರಾಭ್ಯಾಸವೂ ಮರಾಠಿಯಲ್ಲಿಯೇ. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದದ್ದು ಮರಾಠಿಯ ಮೇಲಿನ ದ್ವೇಷದಿಂದಲ್ಲ. ಕನ್ನಡಕ್ಕೆ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಸ್ಥಾನವಿಲ್ಲದಿದ್ದರೆ ಅದನ್ನಾಡುವ ಮಗುವಿಗೂ ಸ್ಥಾನವಿರುವುದಿಲ್ಲವೆಂದು ಅವರು ಕಂಡುಕೊಂಡಿದ್ದರು.

ಇಂದಿನ ಮಾತಿಗೆ ಬರೋಣ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಇಲ್ಲವೆ ಕನ್ನಡವೇ ಮಾಧ್ಯಮವಾಗಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಆಜ್ಞೆ ಮಾಡಿತು. ಇಂಥ ಕಡ್ಡಾಯ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2014ರಲ್ಲಿ ತೀರ್ಪಿತ್ತಿತು. 2019ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲು ಮುಂದಾಯಿತು. ಮಾಧ್ಯಮವನ್ನು ಆರಿಸುವವರು ಯಾರು ಎಂಬುದನ್ನು ಕಾನೂನು ಹೇಳಿತು. ಆರಿಸಿದ ಮೇಲೆ ಮಗುವಿಗೇನಾಗುತ್ತದೆಂಬುದು ಕಾನೂನಿನ ಹಿಡಿತಕ್ಕೆ ಸಿಕ್ಕುವಂಥದಲ್ಲ.

ಇಂಗ್ಲಿಷನ್ನು ಬಯಸುವ ತಂದೆತಾಯಿಗಳನ್ನು ಅವಿವೇಕಿಗಳೆನ್ನಲಾಗದು. ವೈದ್ಯಕೀಯ, ತಾಂತ್ರಿಕ ವಿದ್ಯೆಗಳೂ ಒಳ್ಳೆಯ ಸಂಬಳದ ಕೆಲಸಗಳೂ ಯಾವ ಭಾಷೆಯಲ್ಲಿವೆಯೆಂದು ಅವರು ಬಲ್ಲರು. ಆದರೆ ಒಂದೇ ಶಾಲೆಯ ಇಬ್ಬರು ಮಕ್ಕಳನ್ನು ನೋಡಿ. ಒಬ್ಬಳ ಮನೆಯಲ್ಲಿ ಕನ್ನಡ ಪುಸ್ತಕಗಳಿವೆ, ರಾತ್ರಿ ಕಥೆ ಓದಿ ಹೇಳುವ ಅಜ್ಜಿಯಿದ್ದಾಳೆ. ಅವಳಿಗೆ ಇಂಗ್ಲಿಷ್ ಬಂದು ಕೂಡುತ್ತದೆ. ಇನ್ನೊಬ್ಬನ ತಂದೆ ಕೂಲಿಕಾರ, ಮನೆಯಲ್ಲಿ ಓದು ಬಲ್ಲವರಿಲ್ಲ. ಅವನಿಗೆ ಬರಹದ ಕನ್ನಡ ದೊರೆಯಬಹುದಾಗಿದ್ದ ಏಕೈಕ ಸ್ಥಳ ಶಾಲೆ. ಅಲ್ಲಿ ಅದು ತಪ್ಪಿ, ತಾವೇ ಇಂಗ್ಲಿಷಿನಲ್ಲಿ ತಡವರಿಸುವ ಅಧ್ಯಾಪಕರು ದೊರೆತರೆ, ಆ ಹುಡುಗ ಎರಡು ಭಾಷೆಗಳಲ್ಲಿಯೂ ಬಡವನಾಗುತ್ತಾನೆ.

ಕನ್ನಡದ ಪರವಾಗಿ ನುಡಿಯುವ ನಾವು ಇನ್ನೊಂದು ಸತ್ಯವನ್ನೂ ಒಪ್ಪಬೇಕು. ತಾಂಡಾದಿಂದ ಬಂದ ಲಂಬಾಣಿ ಮಗುವಿಗೆ, ಕಾಡಂಚಿನ ಸೋಲಿಗರ ಮಗುವಿಗೆ, ನಮ್ಮ ಕನ್ನಡ ಶಾಲೆಯೇ ಪರಭಾಷೆಯ ಶಾಲೆ. ಅಂದು ಧಾರವಾಡದಲ್ಲಿ ಮರಾಠಿ ನಿಂತಿದ್ದ ಎಡೆಯಲ್ಲಿ ಇಂದು ಅಲ್ಲಿ ಕನ್ನಡ ನಿಂತಿದೆ. ಬೇಂದ್ರೆ, ಮಾಸ್ತಿಯವರ ಮನೆಮಾತುಗಳಿಗೆ ಲಿಪಿಯಿತ್ತು, ಸಾಹಿತ್ಯವಿತ್ತು, ಗೌರವವಿತ್ತು; ಈ ಮಕ್ಕಳ ಮಾತಿಗೆ ಆ ಬೆಂಬಲವಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಕಲ್ಪಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು, 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಹೇಳುತ್ತದೆ. ತಾಂಡಾದ ಮಾತು ಬಲ್ಲ ಒಬ್ಬ ಉಪಾಧ್ಯಾಯರನ್ನು ಮೊದಲ ತರಗತಿಗೆ ಕೊಟ್ಟರೂ ಆ ಯತ್ನ ಆರಂಭವಾದಂತೆ.

ಆದುದರಿಂದ, ಯಾವ ಮಾಧ್ಯಮದ ಶಾಲೆ ಎಂದು ಕೇಳುವುದರ ಜೊತೆಗೆ, ಆ ಶಾಲೆ ಮಗುವಿನ ಮನೆಮಾತನ್ನು ಹೇಗೆ ಕಾಣುತ್ತದೆಂದೂ ಕೇಳಬೇಕಾಗಿದೆ. ಇದಕ್ಕೆ ದೊಡ್ಡ ಪರೀಕ್ಷೆಗಳು ಬೇಕಿಲ್ಲ. ಇಂದು ಕಲಿತದ್ದನ್ನು ಮಗು ಸಂಜೆ ತನ್ನ ಅಜ್ಜಿಗೆ ತಿಳಿಯುವಂತೆ ಹೇಳಬಲ್ಲುದಾದರೆ ಆ ಶಾಲೆ ಕೂಡಿಸುತ್ತಿದೆ. ಹೇಳಲಾರದೆ, ಅಜ್ಜಿಯ ಮಾತಿಗೆ ನಾಚಿಕೊಳ್ಳುವುದಾದರೆ, ಅಲ್ಲಿ ಏನೋ ಕಳೆದುಹೋಗುತ್ತಿದೆಯೆಂದು ನಾವು ಎಚ್ಚರಗೊಳ್ಳಬೇಕು.