ರೋಬೋಟ್ ಸರ್ಜರಿಯಲ್ಲಿ ಕ್ಲೀನರ್ ಸೀಟು ಎಲ್ಲಿದೆ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಊರಿಗೊಬ್ಬರಂತೆ ನಾವು ಐದು ಜನ. ಸಿಮೆಂಟ್ ಲಾರಿ ನೋಡ್ತಾನೇ ಬೆಳೆದವರು. ಲಾರಿ ಕಲಿಯೋ ಕ್ರಮ ನಮಗೆ ಗೊತ್ತು: ಮೊದಲು ಕ್ಲೀನರ್ ಆಗಿ ಪಕ್ಕದ ಸೀಟಲ್ಲಿ ಕೂತು ನೋಡಬೇಕು, ರಿವರ್ಸ್ ತಗೊಳ್ಳುವಾಗ ಇಳಿದು ‘ಬರ್ಲಿ, ಬರ್ಲಿ’ ಅನ್ನಬೇಕು. ಒಂದಿನ ಖಾಲಿ ಲಾರಿ ಕೈಗೆ ಬರುತ್ತೆ. ರೋಬೋಟಿಕ್ ಸರ್ಜರಿ ಬಗ್ಗೆ ಓದೋಕೆ ಕೂತಾಗ ನಮಗೆ ಕಾಡಿದ ಪ್ರಶ್ನೆ ಇದೇ. ಈ ಗಾಡಿಯಲ್ಲಿ ಕ್ಲೀನರ್ ಎಲ್ಲಿ ಕೂರ್ತಾನೆ?

ಮೊದಲೇ ಹೇಳಿಬಿಡ್ತೀವಿ, ಈ ರೋಬೋಟ್ ತಾನಾಗಿ ಏನೂ ಕೊಯ್ಯಲ್ಲ. 2000ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ‘ಡಾ ವಿಂಚಿ’ಯಲ್ಲಿ ಡಾಕ್ಟರು ಸ್ವಲ್ಪ ದೂರ, ಕನ್ಸೋಲ್‌ನೊಳಗೆ ಮುಖ ಇಟ್ಟು 3ಡಿ ಚಿತ್ರ ನೋಡ್ತಾ ಎರಡು ಹಿಡಿಗಳನ್ನ ಆಡಿಸ್ತಾರೆ. ರೋಗಿಯ ಹೊಟ್ಟೆಯೊಳಗಿನ ಸಣ್ಣ ಉಪಕರಣಗಳು ಹಾಗೇ ಆಡುತ್ತವೆ. ಕೈ 3 ಸೆಂಟಿಮೀಟರ್ ಸರಿದರೆ ತುದಿ 1 ಸೆಂಟಿಮೀಟರ್ ಸರಿಯೋ ಹಾಗೆ ಸೆಟ್ ಮಾಡಬಹುದು. ಕೈ ನಡುಕವನ್ನ ಸಾಫ್ಟ್‌ವೇರ್ ಸೋಸಿಬಿಡುತ್ತೆ. ಕಾಲ ಬಳಿ ಪೆಡಲ್‌ಗಳು, ಅದರಲ್ಲಿ ಒಂದರ ಹೆಸರು ಕ್ಲಚ್ಚೇ! ಒತ್ತಿದರೆ ಕೈಗೂ ಉಪಕರಣಕ್ಕೂ ನಂಟು ತಪ್ಪುತ್ತೆ. ಕೈಯನ್ನ ಆರಾಮಾದ ಜಾಗಕ್ಕೆ ತಂದು ಮತ್ತೆ ಶುರು ಮಾಡಬಹುದು.

ಸಾದಾ ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಯ ತೂತೇ ಸನ್ನೆಗೋಲಿನ ಆಧಾರ ಬಿಂದು. ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ. ನಂಬಿಕೆ ಬರಲಿ ಅಂತ ಹಾಸ್ಟೆಲ್‌ನಲ್ಲಿ ರಟ್ಟಿನ ಡಬ್ಬಿಗೆ ತೂತು ಕೊರೆದು, ಒಳಗೆ ಮೊಬೈಲ್ ಇಟ್ಟು, ಲ್ಯಾಪ್‌ಟಾಪ್ ನೋಡ್ತಾ ಉದ್ದ ಚಿಮಟದಿಂದ ತೊಗರಿಕಾಳು ಎತ್ತಿದೆವು. ಹತ್ತರಲ್ಲಿ ಮೂರು ದಾಟಿದ್ದೇ ಹೆಚ್ಚು. ರೋಬೋಟ್‌ನಲ್ಲಿ ಈ ಉಲ್ಟಾ-ಪಲ್ಟಾ ಇಲ್ಲ.

ಹಾಗಾದ್ರೆ ಕಲಿಯೋದು ಸುಲಭ ಅಲ್ವಾ? ಇಲ್ಲೇ ಸಮಸ್ಯೆ ಇರೋದು. ಹೊಟ್ಟೆ ತೆರೆದು ಮಾಡೋ ಆಪರೇಷನ್‌ನಲ್ಲಿ ಕಲಿಯೋ ಡಾಕ್ಟರ ಕೈ ಬೇಕೇ ಬೇಕು. ಗಾಯ ಅಗಲಿಸಿ ಹಿಡೀಬೇಕು, ರಕ್ತ ತೆಗೀಬೇಕು. ಅದೇ ಕೈ ನಿಧಾನಕ್ಕೆ ಹೊಲಿಗೆಗೆ ಬರುತ್ತೆ. ಕನ್ಸೋಲ್‌ನಲ್ಲಿ ಮಾತ್ರ ಹಿರಿಯ ಡಾಕ್ಟರು ಒಬ್ಬರೇ ಎಲ್ಲಾ ತೋಳುಗಳನ್ನ ನಡೆಸಬಲ್ಲರು. ಅಮೆರಿಕದ ಸಂಶೋಧಕ ಮ್ಯಾಥ್ಯೂ ಬೀನ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಬರೆದಿದ್ದಾರೆ: ಕಲಿಯೋರು ಬಹುಪಾಲು ನೋಡ್ತಾ ಕೂರ್ತಾರೆ, ಕಲಿತ ಕೆಲವರು ಸಿಮ್ಯುಲೇಟರ್, ವಿಡಿಯೋ ಅಂತ ತಮ್ಮದೇ ದಾರಿ ಹುಡುಕಿಕೊಂಡವರು.

ಸಿಮ್ಯುಲೇಟರ್ ಅಂದ್ರೆ ನಮ್ಮ ಖಾಲಿ ಲಾರಿ. ಸೊಟ್ಟ ತಂತಿಗೆ ತಾಗದಂತೆ ಉಂಗುರ ದಾಟಿಸೋದು, ಸೂಜಿ ಪೋಣಿಸೋದು. ಎಷ್ಟು ಹೊತ್ತು, ಕೈ ಎಷ್ಟು ದೂರ ಅಲೆದಾಡ್ತು, ಎಲ್ಲಿ ಡಿಕ್ಕಿ ಅಂತ ಯಂತ್ರವೇ ಅಂಕ ಕೊಡುತ್ತೆ. ಆಮೇಲೆ ರೋಗಿಯ ಪಕ್ಕ ನಿಂತು ಉಪಕರಣ ಬದಲಿಸೋ ಕೆಲಸ. ಕೊನೆಗೆ ಎರಡನೇ ಕನ್ಸೋಲ್, 2009ರಲ್ಲಿ ಬಂದದ್ದು. ಇಬ್ಬರಿಗೂ ಒಂದೇ ಚಿತ್ರ ಕಾಣುತ್ತೆ, ತೋಳುಗಳ ಹಿಡಿತವನ್ನ ಇವರಿಂದ ಅವರಿಗೆ ಕ್ಷಣದಲ್ಲಿ ದಾಟಿಸಬಹುದು. ಡ್ರೈವಿಂಗ್ ಸ್ಕೂಲ್ ಕಾರಿನ ಎರಡನೇ ಬ್ರೇಕ್ ಇದ್ದಂಗ. ಆದರೂ ಹಳೆಯ ಮಾಡೆಲ್‌ಗಳಲ್ಲಿ ಕೈಗೆ ಸ್ಪರ್ಶ ತಿಳಿಯಲ್ಲ. ದಾರ ಎಷ್ಟು ಬಿಗಿಯಾಯ್ತು ಅಂತ ಕಣ್ಣಲ್ಲೇ ಅಳೀಬೇಕು. 2024ರ ಡಾ ವಿಂಚಿ 5ರಲ್ಲಿ ಮಾತ್ರ ಆ ಅನುಭವ ಕೊಡೋ ಉಪಕರಣಗಳು ಬಂದಿವೆ.

ಎರಡನೇ ಕನ್ಸೋಲ್ ಇದ್ದರೂ ಹಿಡಿತ ಬಿಟ್ಟುಕೊಡೋದು ಹಿರಿಯರ ಮನಸ್ಸು. ದೊಡ್ಡ ಆಪರೇಷನ್ ಅಂದ್ರೆ ನಮ್ಮ ತಾಲೂಕುಗಳ ಜನ ಇವತ್ತಿಗೂ ಹೈದರಾಬಾದ್, ಸೊಲ್ಲಾಪುರದ ಬಸ್ಸು ಹತ್ತುತ್ತಾರೆ. ಯಂತ್ರ ಕಲಬುರಗಿಗೆ ಬಂದರೆ ಸಾಲದು, ಅದರ ಎರಡನೇ ಸೀಟಿನಲ್ಲಿ ಕೂತು ಕಲಿತವರೂ ಇಲ್ಲಿ ಉಳೀಬೇಕು.

ನಮ್ಮ ಡಬ್ಬಿ ಇನ್ನೂ ರೂಮಲ್ಲಿದೆ. ಚಿಂಚೋಳಿಯವನ ರೆಕಾರ್ಡ್ ಆರು ಕಾಳು.