ಬಾಳ್ಳುಪೇಟೆಯಿಂದ ಗುಂಡ್ಯದವರೆಗೆ: ಒಂದು ದೂರಮಾರ್ಗದ ಸೊಬಗೂ ಅದರ ನೆಲದ ಕಟ್ಟೂ

ದೂರಪ್ರಯಾಣದ ಹೆದ್ದಾರಿಗಳಲ್ಲಿ ಕೆಲವು ತಾವು ಕೂಡಿಸುವ ಊರುಗಳಿಗಿಂತ ತಾವು ಹಾದುಹೋಗುವ ನೆಲದಿಂದಲೇ ಪ್ರಸಿದ್ಧವಾಗಿವೆ. ಮೊದಲನೆಯ ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರು ೧೯೧೯ರಿಂದ ೧೯೩೨ರವರೆಗೆ ಆಸ್ಟ್ರೇಲಿಯದ ವಿಕ್ಟೋರಿಯ ತೀರದಲ್ಲಿ ಕಡಿದು ಮಾಡಿದ ಗ್ರೇಟ್ ಓಷನ್ ರೋಡ್, ೧೮೨೦ರಿಂದ ೧೮೨೫ರವರೆಗೆ ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರು ಆಲ್ಪ್ಸ್ ಪರ್ವತದ ಮೇಲೆ ನಿರ್ಮಿಸಿದ ಸ್ಟೆಲ್ವಿಯೊ ಮಾರ್ಗ, ಕ್ಯಾಲಿಫೋರ್ನಿಯದಲ್ಲಿ ೧೯೩೭ರಲ್ಲಿ ತೆರೆದ ಬಿಗ್ ಸರ್ ಕಡಲಂಚಿನ ರಸ್ತೆ, ಇವುಗಳನ್ನು ನೋಡಲೆಂದೇ ಜನರು ಖಂಡಾಂತರಗಳಿಂದ ಹೋಗುವುದುಂಟು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ನಮ್ಮ ದಾರಿಯನ್ನು ಈ ಪಂಕ್ತಿಯಲ್ಲಿ ಕೂಡಿಸಿ ಎಣಿಸುವವರು ವಿರಳ. ಅದು ಲಾರಿಗಳ ದಾರಿ, ಬಂದರಿನ ದಾರಿ, ರಾತ್ರಿಯ ಬಸ್ಸಿನಲ್ಲಿ ನಿದ್ದೆಮಾಡುತ್ತ ಕಳೆಯುವ ದಾರಿ ಎಂದೇ ನಮ್ಮಲ್ಲಿ ಭಾವನೆ. ಆದರೆ ಭೂಗೋಳದ ಅಭ್ಯಾಸಿಗೆ ಇಷ್ಟು ಕಡಮೆ ದೂರದಲ್ಲಿ ಇಷ್ಟು ಸ್ಪಷ್ಟವಾಗಿ ಪಾಠ ಹೇಳುವ ರಸ್ತೆ ಮತ್ತೊಂದು ಸುಲಭವಾಗಿ ದೊರೆಯದು. ಆ ಪಾಠವು ಆರಂಭವಾಗುವ ಸ್ಥಳ ಬಾಳ್ಳುಪೇಟೆ.

ಹಿಂದೆ ೪೮ನೆಯ ಸಂಖ್ಯೆಯಿಂದ ಪರಿಚಿತವಾಗಿದ್ದ ಈ ಹೆದ್ದಾರಿಯು ೨೦೧೦ರ ಮರುಸಂಖ್ಯೆಯ ತರುವಾಯ ೭೫ನೆಯದಾಗಿದೆ. ಇದರ ಏರಿಳಿತಗಳನ್ನು ಕಾಗದದ ಮೇಲೆ ಗೆರೆಯೆಳೆದು ನೋಡಿದರೆ ಮೊದಲ ನೋಟಕ್ಕೇ ಒಂದು ವಿಚಿತ್ರವು ಗೋಚರವಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಎತ್ತರದಲ್ಲಿದೆ. ಹಾಸನವು ಅದಕ್ಕಿಂತ ತುಸು ಮೇಲೆ. ಸಕಲೇಶಪುರವು ಮತ್ತೆ ಹೆಚ್ಚುಕಡಮೆ ಬೆಂಗಳೂರಿನ ಎತ್ತರದಲ್ಲಿಯೇ ಇದೆ. ಎಂದರೆ, ಪಶ್ಚಿಮಘಟ್ಟವನ್ನು ಕಾಣಲು ಹೊರಟ ಪ್ರಯಾಣಿಕನು ಇನ್ನೂರು ಕಿಲೋಮೀಟರುಗಳಿಗೂ ಮಿಕ್ಕಿದ ಹಾದಿಯನ್ನು ಕ್ರಮಿಸಿದರೂ ಮೊತ್ತದಲ್ಲಿ ಏರಿದ್ದೂ ಇಲ್ಲ, ಇಳಿದದ್ದೂ ಇಲ್ಲ. ಆಮೇಲೆ, ಸಕಲೇಶಪುರದಿಂದ ಗುಂಡ್ಯದವರೆಗಿನ ಸುಮಾರು ನಲವತ್ತು ಕಿಲೋಮೀಟರುಗಳಲ್ಲಿ, ಅವನು ಒಮ್ಮೆಗೇ ಏಳುನೂರು ಮೀಟರಿಗೂ ಹೆಚ್ಚಾಗಿ ಕೆಳಗಿಳಿಯುತ್ತಾನೆ. ಘಟ್ಟ ಹತ್ತುವುದು ಎಂಬ ಮಾತು ಕರಾವಳಿಯವರದು. ಮೈದಾನಸೀಮೆಯವರಿಗೆ ಘಟ್ಟವೆಂದರೆ ಇಳಿಯುವ ಮೆಟ್ಟಿಲು ಮಾತ್ರ.

ಈ ಸಾಮಾನ್ಯ ಅನುಭವದಲ್ಲಿಯೇ ಪಶ್ಚಿಮಘಟ್ಟದ ನಿಜವಾದ ಸ್ವರೂಪವು ಅಡಗಿದೆ. ನಾವು ಅದನ್ನು ಪರ್ವತಶ್ರೇಣಿಯೆಂದು ಕರೆಯುತ್ತೇವಾದರೂ, ಹಿಮಾಲಯದಂತೆ ಇಕ್ಕೆಲಗಳಲ್ಲಿಯೂ ಇಳಿಜಾರುಳ್ಳ ಶ್ರೇಣಿ ಅದಲ್ಲ. ಅದು ಪ್ರಸ್ಥಭೂಮಿಯ ಮುರಿದ ಅಂಚು. ಗೋಂಡ್ವಾನ ಭೂಖಂಡವು ಒಡೆದು ಭಾರತದ ಪಶ್ಚಿಮ ತೀರವು ಬೇರ್ಪಟ್ಟ ಕಾಲದಿಂದ ಆ ಅಂಚನ್ನು ಮಳೆಯೂ ಹೊಳೆಗಳೂ ತಿನ್ನುತ್ತ ಪೂರ್ವಕ್ಕೆ ಸರಿಸುತ್ತ ಬಂದಿವೆ. ಆದುದರಿಂದಲೇ ಕಡಲ ಕಡೆಯಿಂದ ನೋಡುವವನಿಗೆ ಅದು ಗೋಡೆ. ಹಾಸನದ ಕಡೆಯಿಂದ ಬರುವವನಿಗೆ ಕೇವಲ ಮಡಿಕೆ ಮಡಿಕೆಯಾಗಿ ಹರಡಿದ ಗುಡ್ಡಗಳು.

ಆಲೂರನ್ನು ಬಿಟ್ಟು ಮುಂದೆ ಸಾಗಿದಂತೆ ಈ ಮಡಿಕೆಗಳು ದಟ್ಟವಾಗುತ್ತವೆ. ಹಾಸನದ ಸುತ್ತಿನ ರಾಗಿ, ಆಲೂಗೆಡ್ಡೆಗಳ ಬಯಲು ಹಿಂದಾಗಿ, ತಗ್ಗುಗಳಲ್ಲಿ ಬತ್ತದ ಗದ್ದೆಗಳೂ ದಿಣ್ಣೆಗಳ ಮೇಲೆ ಮರಗಳೂ ಕಾಣಿಸಿಕೊಳ್ಳುತ್ತವೆ. ಬಾಳ್ಳುಪೇಟೆಗೆ ಬರುವ ವೇಳೆಗೆ ಕಾಫಿಯ ತೋಟಗಳು ರಸ್ತೆಯ ಅಂಚಿಗೇ ಬಂದು ನಿಲ್ಲುತ್ತವೆ. ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿಗಳು ಹಬ್ಬಿರುತ್ತವೆ. ಮನೆಗಳ ಮಾಡು ಇಳಿಜಾರಾಗಿ ಹಂಚನ್ನು ಹೊದೆಯುತ್ತದೆ. ಯಾವ ಕಲ್ಲೂ ನೆಟ್ಟಿಲ್ಲ, ಯಾವ ಗಡಿಯೂ ಇಲ್ಲ, ಆದರೂ ಇಲ್ಲಿಂದ ಮುಂದಕ್ಕೆ ಮಲೆನಾಡು. ಕಾರಣ ಎತ್ತರವಲ್ಲ, ಮಳೆ. ಕಡಲಿನಿಂದ ಬಂದ ಮುಂಗಾರು ಗೋಡೆಗೆ ತಾಗಿ ಏರುವಾಗ ತನ್ನ ಬಹುಪಾಲು ನೀರನ್ನು ಅಲ್ಲಿಯೇ ಸುರಿದುಬಿಡುತ್ತದೆ. ಅಂಚಿನಿಂದ ಪೂರ್ವಕ್ಕೆ ಹೆಜ್ಜೆಹೆಜ್ಜೆಗೂ ಮಳೆ ಇಳಿಯುತ್ತ ಹೋಗಿ, ಸಕಲೇಶಪುರದಲ್ಲಿ ಬೀಳುವುದರ ಅರ್ಧದಷ್ಟೂ ಹಾಸನಕ್ಕೆ ದೊರಕುವುದಿಲ್ಲ. ನಮ್ಮ ವಿದ್ಯಾರ್ಥಿಗಳನ್ನು ಈ ದಾರಿಯಲ್ಲಿ ಕರೆದೊಯ್ದಾಗ ನಕ್ಷೆಯನ್ನು ಮಡಿಸಿಟ್ಟು ಮನೆಯ ಮಾಡುಗಳನ್ನು ಮಾತ್ರ ನೋಡುತ್ತಿರಿ ಎಂದು ಹೇಳುವುದು ಈ ಲೇಖಕನ ರೂಢಿ. ಮಳೆಮಾಪನದ ಅಂಕಿಗಳು ಹೇಳುವುದನ್ನು ಮಾಡುಗಳು ಬಹುಮಟ್ಟಿಗೆ ಹೇಳಿಬಿಡುತ್ತವೆ.

ಸಕಲೇಶಪುರದಲ್ಲಿ ರಸ್ತೆಯು ಹೇಮಾವತಿಯನ್ನು ದಾಟುತ್ತದೆ. ಈ ನದಿಯು ಮೂಡಿಗೆರೆ ಸೀಮೆಯ ಜಾವಳಿಯ ಬಳಿ ಹುಟ್ಟಿ, ಘಟ್ಟದ ಅಂಚಿನ ಮಗ್ಗುಲಲ್ಲಿಯೇ ಹರಿದು ಬಂದರೂ ಪಶ್ಚಿಮಕ್ಕೆ ತಿರುಗುವುದಿಲ್ಲ. ಗೊರೂರಿನ ಮೇಲೆ ಹಾದು ಕಾವೇರಿಯನ್ನು ಸೇರಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಸೇತುವೆಯಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರು ಹೋದರೆ ಜಲವಿಭಾಜಕವು ಬರುತ್ತದೆ. ಅಲ್ಲಿಂದಾಚೆಗೆ ಬಿದ್ದ ಹನಿ ಕೆಂಪುಹೊಳೆಗೆ, ಗುಂಡ್ಯಹೊಳೆಗೆ, ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ. ಇದೇ ಸೀಮೆಯ ದಕ್ಷಿಣಕ್ಕೆ ಬಿಸಿಲೆಯ ದಾರಿಯಲ್ಲಿ, ಮಂಕನಹಳ್ಳಿಯ ಬಳಿ, ಎರಡು ಕಡಲುಗಳ ಹೆಸರನ್ನು ಎರಡು ಪಕ್ಕಗಳಲ್ಲಿ ಬರೆದ ಕಲ್ಲೊಂದಿದೆ. ನೋಡಲು ಸಾಧಾರಣವಾದ ಕಲ್ಲು. ಆದರೆ ಅದರ ಎಡಬಲಗಳಿಗೆ ಬೀಳುವ ಒಂದೇ ಮೋಡದ ಮಳೆಯಲ್ಲಿ ಒಂದು ಪಾಲು ಕೆಲವೇ ದಿನಗಳಲ್ಲಿ ಕಡಲನ್ನು ಸೇರಿದರೆ, ಇನ್ನೊಂದು ಪಾಲು ಅಣೆಕಟ್ಟುಗಳನ್ನು ಹಾದು, ವ್ಯಾಜ್ಯಗಳಲ್ಲಿ ಸಿಲುಕಿ, ತಂಜಾವೂರಿನ ಗದ್ದೆಗಳನ್ನು ಕಂಡು ಹೋಗಬೇಕು.

ಈ ಅಂಚನ್ನು ದಾಟುವ ದಾರಿಯ ಬೆಲೆಯನ್ನು ಹಿಂದಿನ ಅರಸರು ಚೆನ್ನಾಗಿ ಬಲ್ಲವರಾಗಿದ್ದರು. ಸಕಲೇಶಪುರದ ಸಮೀಪದ ದೋಣಿಗಾಲಿನ ಗುಡ್ಡದ ಮೇಲೆ ಟಿಪ್ಪು ಸುಲ್ತಾನನು ೧೭೯೨ರ ಸುಮಾರಿಗೆ ಮುಗಿಸಿದ ಮಂಜರಾಬಾದ್ ಕೋಟೆಯು ಎಂಟು ಮೂಲೆಗಳ ನಕ್ಷತ್ರದಂತಿದೆ. ಫ್ರಾನ್ಸಿನ ವೊಬಾನನ ಕೋಟೆಗಳ ಮಾದರಿ ಅದರಲ್ಲಿ ಸ್ಪಷ್ಟ. ಅಲ್ಲಿ ಕವಿದಿದ್ದ ಮಂಜನ್ನು ಕಂಡು ಸುಲ್ತಾನನು ಆ ಹೆಸರನ್ನಿತ್ತನೆಂದು ಹೇಳುವುದುಂಟು. ಕೋಟೆಯ ಗುರಿ ನೋಟವಲ್ಲ, ಮಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಣ ಹಾದಿಯ ಕಾವಲು. ಅವನ ಪತನದ ಅನಂತರ ಬಲಂ ಸೀಮೆಯ ಪಾಳೆಯಗಾರನು ಇದೇ ಕಾಡುಗಳನ್ನು ನೆಮ್ಮಿ ಬ್ರಿಟಿಷರನ್ನು ಎದುರಿಸಿದನು. ೧೮೦೨ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯು ಅರಕೆರೆಯನ್ನು ಹಿಡಿದ ಮೇಲೆ ಆ ಹೋರಾಟವು ಮುಗಿಯಿತು. ಮುಂದೆ ಕಾಫಿಯ ಕಾಲ. ೧೮೫೦ರ ದಶಕದಲ್ಲಿ ಮಂಜರಾಬಾದಿಗೆ ಬಂದು ತೋಟಮಾಡಿದ ರಾಬರ್ಟ್ ಎಲಿಯಟ್ ೧೮೭೧ರಲ್ಲಿಯೂ ೧೮೯೪ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಈ ಸೀಮೆಯ ಅಂದಿನ ಬದುಕಿಗೆ ಒಳ್ಳೆಯ ಸಾಕ್ಷಿ. ಉಪ್ಪು ಮೇಲೇರುತ್ತಿದ್ದ ದಾರಿಯಲ್ಲಿ ಕಾಫಿಯು ಮಂಗಳೂರಿನ ಸಂಸ್ಕರಣಾಲಯಗಳಿಗೆ ಇಳಿಯತೊಡಗಿತು. ಹೇರೆತ್ತಿನ ಜಾಡು ಗಾಡಿಯ ರಸ್ತೆಯಾದುದು ಮುಖ್ಯವಾಗಿ ಇಂಥ ಸರಕಿನ ಭಾರದಿಂದ.

ಈಗ ರಸ್ತೆಯ ರಚನೆಗೆ ಬರೋಣ. ಘಟ್ಟವನ್ನು ಇಳಿಯುವುದಕ್ಕೆ ಎರಡು ಬಗೆ. ಗೋಡೆಯ ಮುಖದ ಮೇಲೆಯೇ ಹಿಮ್ಮುರಿ ತಿರುವುಗಳನ್ನು ಹಾಕಿ ಇಳಿಯುವುದು ಒಂದು. ಆಗುಂಬೆ, ಚಾರ್ಮಾಡಿಗಳಲ್ಲಿ ಹಾಗೆ. ಗೋಡೆಯನ್ನು ಯಾವುದಾದರೊಂದು ಹೊಳೆಯು ಕೊರೆದಿರುವ ಕಣಿವೆಯನ್ನು ಹುಡುಕಿ, ಹೊಳೆಯ ಮಗ್ಗುಲಿನಲ್ಲಿ ನಿಧಾನವಾಗಿ ಇಳಿಯುವುದು ಇನ್ನೊಂದು. ಶಿರಾಡಿಯ ದಾರಿ ಎರಡನೆಯ ಬಗೆಯದು. ಮಾರನಹಳ್ಳಿಯಿಂದ ಕೆಳಗೆ ಕೆಂಪುಹೊಳೆಯೇ ಅದರ ಸಂಗಾತಿ. ತಿರುವುಗಳು ಸೌಮ್ಯವಾದುದರಿಂದ ಭಾರಿ ಲಾರಿಗಳಿಗೆ ಇದೇ ಅನುಕೂಲ. ಒಂದು ಕಡೆ ಹೊಳೆ, ಇನ್ನೊಂದು ಕಡೆ ನಿತ್ಯಹರಿದ್ವರ್ಣದ ಕಾಡು ಇರುವುದರಿಂದ ಕಣ್ಣಿಗೂ ಇದೇ ಹಿತ. ಆದರೆ ಈ ಅನುಕೂಲಕ್ಕೆ ಒಂದು ಸುಂಕವಿದೆ. ಇಂಥ ರಸ್ತೆಯು ಇಡೀ ಇಳಿಜಾರಿನ ಪಾದವನ್ನು ಕತ್ತರಿಸಿಕೊಂಡು ಹೋಗಬೇಕಾಗುತ್ತದೆ.

ಇಲ್ಲಿನ ತಳದ ಶಿಲೆ ಪ್ರಾಚೀನವಾದ ನೈಸ್, ಗಟ್ಟಿಯಾದದ್ದೇ. ಅದರ ಮೇಲೆ ಮಾತ್ರ ಬಿಸಿಲುಮಳೆಗಳಿಂದ ಜೀರ್ಣವಾದ ಮಣ್ಣಿನ ದಪ್ಪ ಹೊದಿಕೆಯಿದೆ. ಬೇರುಗಳು ಹಿಡಿದಿರುವಾಗ, ನೀರು ತನ್ನ ಹಳೆಯ ಸಂದುಗಳಲ್ಲಿ ಹರಿದುಹೋಗುತ್ತಿರುವಾಗ, ಈ ಹೊದಿಕೆ ಕಡಿದಾದ ಇಳಿಜಾರಿನಲ್ಲಿಯೂ ನಿಲ್ಲುತ್ತದೆ. ಪಾದವನ್ನು ನೆಟ್ಟಗೆ ಕಡಿದರೆ ಆಸರೆ ತಪ್ಪುತ್ತದೆ. ಮೋರಿ ಕಟ್ಟಿಕೊಂಡರೆ ನೀರು ಒಳಗೇ ನಿಂತು, ಮಣ್ಣಿಗೂ ಕಲ್ಲಿಗೂ ನಡುವೆ ಒತ್ತಡ ಹೆಚ್ಚುತ್ತದೆ. ಆಮೇಲೆ ಜುಲೈ ಆಗಸ್ಟುಗಳ ಎಡೆಬಿಡದ ಮಳೆಯ ಒಂದು ವಾರ ಸಾಕು.

ಇತ್ತೀಚಿನ ಚರಿತ್ರೆಯು ಇದನ್ನು ಪುಷ್ಟೀಕರಿಸುತ್ತದೆ. ಗುಂಡಿಬಿದ್ದ ಘಟ್ಟದ ರಸ್ತೆಗೆ ೨೦೧೫ರಲ್ಲಿಯೂ ೨೦೧೮ರಲ್ಲಿಯೂ, ಪ್ರತಿ ಸಲ ತಿಂಗಳುಗಟ್ಟಲೆ ಸಂಚಾರ ನಿಲ್ಲಿಸಿ, ಕಾಂಕ್ರೀಟು ಹಾಸಿದರು. ೨೦೧೮ರ ಜುಲೈಯಲ್ಲಿ ದಾರಿ ಮತ್ತೆ ತೆರೆಯಿತು. ಆಗಸ್ಟಿನ ಮಹಾವೃಷ್ಟಿಯಲ್ಲಿ ಗುಡ್ಡ ಕುಸಿದು ಮುಚ್ಚಿತು. ಹಾಸು ಗಟ್ಟಿಯಾಗಿತ್ತು, ಅದರ ಪಕ್ಕದ ಗುಡ್ಡ ಗಟ್ಟಿಯಾಗಿರಲಿಲ್ಲ. ಅದೇ ದಿನಗಳಲ್ಲಿ ಮಡಿಕೇರಿ ಸಂಪಾಜೆಯ ದಾರಿಯೂ ಸಕಲೇಶಪುರ ಸುಬ್ರಹ್ಮಣ್ಯ ರೈಲುಮಾರ್ಗವೂ ಕಡಿದುಹೋಗಿ, ಘಟ್ಟದ ಮೇಲಣ ನಾಡಿಗೂ ಕೆಳಗಣ ನಾಡಿಗೂ ಇದ್ದ ಹಳೆಯ ನಂಟು ಕೆಲಕಾಲ ಬಹಳ ತೆಳುವಾಯಿತು. ೨೦೨೨ರ ಜುಲೈಯಲ್ಲಿ ದೋಣಿಗಾಲಿನ ಬಳಿ ರಸ್ತೆಯ ಅಂಚೇ ಜಾರಿತು. ೨೦೨೪ರ ಜುಲೈಯಲ್ಲಿ ದೊಡ್ಡತಪ್ಪಲಿನ ಬಳಿ ಅಗಲಿಸಿದ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಮುಚ್ಚಿದ ದಿನಗಳ ನಷ್ಟವನ್ನು ಬಂದರಿನ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಯ ಲೆಕ್ಕ, ಹಾದುಹೋಗುವ ಬಸ್ಸುಗಳನ್ನೇ ನಂಬಿದ ಬಾಳ್ಳುಪೇಟೆಯ ಹೋಟೆಲುಗಾರನ ಲೆಕ್ಕ ಅದರಲ್ಲಿ ಬರುವುದಿಲ್ಲ.

ರೈಲುಮಾರ್ಗದ ಪ್ರಸ್ತಾಪ ಬಂದುದರಿಂದ ಒಂದು ಮಾತು. ೧೯೭೯ರಲ್ಲಿ ಪೂರ್ಣಗೊಂಡ ಹಾಸನ ಮಂಗಳೂರು ಮಾರ್ಗವು ಬಾಳ್ಳುಪೇಟೆಯನ್ನೂ ಹಾದುಹೋಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು ೫೫ ಕಿಲೋಮೀಟರುಗಳಲ್ಲಿ ೫೭ ಸುರಂಗಗಳೂ ೧೦೯ ಸೇತುವೆಗಳೂ ಇವೆ. ಐವತ್ತಕ್ಕೆ ಒಂದರ ಏರನ್ನು ಮೀರಬಾರದೆಂಬ ನಿರ್ಬಂಧವೇ ಇದಕ್ಕೆ ಕಾರಣ. ಗುಡ್ಡ ಅಡ್ಡ ಬಂದಲ್ಲಿ ಅದು ಒಳಹೊಕ್ಕಿತು, ಕಮರಿ ಬಂದಲ್ಲಿ ಮೇಲೆ ಹಾರಿತು. ಅದಕ್ಕೂ ಕುಸಿತಗಳು ತಪ್ಪಿಲ್ಲ, ನಿಜ. ಆದರೆ ರಸ್ತೆ ಕಟ್ಟುವವರು ಕಡಿದು ಅಗಲಿಸುವುದೊಂದನ್ನೇ ಉಪಾಯವೆಂದು ತಿಳಿಯಬೇಕಾಗಿಲ್ಲವೆಂಬುದಕ್ಕೆ ನಿದರ್ಶನ ಪಕ್ಕದ ಗುಡ್ಡದಲ್ಲಿಯೇ ಇದೆ.

ಹೊರನಾಡುಗಳಿಂದ ಕಲಿಯತಕ್ಕದ್ದೂ ಉಂಟು. ಅಮೆರಿಕದ ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ೪೬೯ ಮೈಲಿಯ ರಸ್ತೆಯ ಕೆಲಸ ೧೯೩೫ರಲ್ಲಿ ಆರಂಭವಾದರೂ ಮುಗಿದುದು ೧೯೮೭ರಲ್ಲಿ. ಕೊನೆಗೆ ಉಳಿದಿದ್ದುದು ಗ್ರ್ಯಾಂಡ್‌ಫಾದರ್ ಎಂಬ ಬೆಟ್ಟದ ಮಗ್ಗುಲಿನ ಒಂದು ತುಂಡು. ಬೆಟ್ಟವನ್ನು ಕಡಿಯುವುದಕ್ಕೆ ವಿರೋಧ ಬಂದುದರಿಂದ, ೧೫೩ ಕಾಂಕ್ರೀಟು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ಇಳಿಜಾರಿನಿಂದ ಮೇಲಕ್ಕೆತ್ತಿದ ಲಿನ್ ಕೋವ್ ಎಂಬ ಸೇತುವೆಯನ್ನು ಕಟ್ಟಿದರು. ಇಂದು ಆ ದಾರಿಯಲ್ಲಿ ಜನರು ನಿಂತು ನೋಡುವ ಸ್ಥಳ ಅದೇ. ವೆಚ್ಚದ ಮಾತನ್ನು ಎತ್ತುವವರು ಬಿಗ್ ಸರ್ ರಸ್ತೆಯನ್ನೂ ನೋಡಬೇಕು. ಅಲ್ಲಿ ೨೦೧೭ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಎಂಬಲ್ಲಿ ಬಿದ್ದ ಗುಡ್ಡವನ್ನು ದಾಟಲು ೨೦೧೮ರ ಜುಲೈವರೆಗೆ ಕಾಯಬೇಕಾಯಿತು. ಇನ್ನು ಸ್ಟೆಲ್ವಿಯೊ ಮಾರ್ಗವನ್ನು ಹಿಮದ ತಿಂಗಳುಗಳಲ್ಲಿ ಪ್ರತಿವರ್ಷವೂ ಮುಚ್ಚುತ್ತಾರೆ. ಅದು ಮೊದಲೇ ತಿಳಿದ ಸಂಗತಿಯಾದುದರಿಂದ ಅಲ್ಲಿ ಯಾರೂ ಅರ್ಧದಾರಿಯಲ್ಲಿ ಸಿಕ್ಕಿಬೀಳುವುದಿಲ್ಲ. ನಮ್ಮ ಘಟ್ಟವೂ ಪ್ರತಿ ಮಳೆಗಾಲದಲ್ಲಿ ಮುಚ್ಚುವ ಸಂಭವವುಳ್ಳದ್ದೇ; ಆದರೆ ಪ್ರತಿಸಲವೂ ಅದನ್ನು ಅನಿರೀಕ್ಷಿತವೆಂದು ಪ್ರಕಟಿಸುತ್ತೇವೆ. ಮಳೆಯ ಇಷ್ಟು ಪ್ರಮಾಣಕ್ಕೆ ಭಾರಿ ಲಾರಿ ನಿಲ್ಲತಕ್ಕದ್ದು, ಇಷ್ಟಕ್ಕೆ ಎಲ್ಲ ವಾಹನಗಳೂ ನಿಲ್ಲತಕ್ಕದ್ದು ಎಂಬ ಮೊದಲೇ ಸಾರಿದ ನಿಯಮವೊಂದಿದ್ದರೆ, ಬೆಂಗಳೂರಿನಿಂದ ಹೊರಟವನು ದೋಣಿಗಾಲಿನಲ್ಲಿ ರಾತ್ರಿ ಕಳೆಯುವ ಬದಲು ಹಾಸನದಲ್ಲಿಯೇ ಉಳಿದುಕೊಳ್ಳುವನು.

ಈ ದಾರಿಯನ್ನು ಸೊಬಗಿಗಾಗಿ ನೋಡಬಯಸುವ ವಾಚಕರಿಗೆ ನಮ್ಮ ಸಲಹೆ ಇಷ್ಟು. ಮಳೆ ನಿಂತು ಹೊಳೆಗಳಲ್ಲಿ ಇನ್ನೂ ನೀರಿರುವ ಅಕ್ಟೋಬರ್ ಕೊನೆ, ನವೆಂಬರುಗಳಲ್ಲಿ ಹೊರಡಬೇಕು. ಸಾಧ್ಯವಾದರೆ ಪಶ್ಚಿಮದಿಂದ ಪೂರ್ವಕ್ಕೆ ಬರಬೇಕು. ನೆಲ್ಯಾಡಿಯ ಅಡಕೆತೋಟಗಳ ನಡುವಿನಿಂದ ಗೋಡೆಯು ಮೊದಲು ನೀಲಿಯಾಗಿ, ಆಮೇಲೆ ಹಸುರಾಗಿ ಏಳುವುದನ್ನು ನೋಡಿ, ಕೆಂಪುಹೊಳೆಯ ಜೊತೆಯಲ್ಲಿ ಏರಿ, ದೋಣಿಗಾಲಿನಲ್ಲಿ ಇಳಿದು ಕೋಟೆಯ ಮೇಲಿಂದ ಹಿಂದಿರುಗಿ ನೋಡಬೇಕು. ಬೆಳಗ್ಗೆ ಉಪ್ಪಿನಂಗಡಿಯನ್ನು ಬಿಟ್ಟರೆ ಬಾಳ್ಳುಪೇಟೆಯಲ್ಲಿ ಮಧ್ಯಾಹ್ನದ ಊಟಕ್ಕೆ ನಿಲ್ಲಬಹುದು. ಅಲ್ಲಿಂದ ಪೂರ್ವಕ್ಕೆ ನೆಲವು ಸಮವಾಗುತ್ತದೆ, ಮಾಡುಗಳೂ ಸಹ.